ಕೋಣೆ ಇದೆ

ಹಡಗು ದಡ ಮುಟ್ಟುವ ಮೊದಲೇ ಕಂಡವು ರಟ್ಟಿನ ತುಂಡುಗಳು:
ಕೋಣೆ ಇದೆ, ಕೋಣೆ, ಕೋಣೆ.
ಎದೆಗವಚಿಕೊಂಡು ನಿಂತಿದ್ದರು ದ್ವೀಪದ ಮುದುಕಿಯರು
ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ನಿಲ್ಲುವವರ ಹಾಗೆ,
ಬಿಸಿಲಿಗೆ ಒಂದೊಂದು ಕಣ್ಣು ಮುಚ್ಚಿ.

ನಮ್ಮ ಹತ್ತಿರ ಎರಡು ರಾತ್ರಿ, ಒಂದು ಲಕೋಟೆ.
ಲಕೋಟೆಯ ಮೇಲೆ ಕ್ರೆಶೊನ ಲೆಕ್ಕ:
ಹಡಗಿಗೆ ಇಷ್ಟು, ಊಟಕ್ಕೆ ಇಷ್ಟು,
ಮಲಗುವುದಕ್ಕೆ ಎಂಬಲ್ಲಿ
ಬರೆದು, ಹೊಡೆದು, ಮತ್ತೆ ಬರೆದು
ಕಾಗದವೇ ತೂತು.
ವರ್ಷವೆಲ್ಲ ಜಾಗ್ರೆಬಿನಲ್ಲಿ ಟ್ರಾಮು ಓಡಿಸಿ
ಕಂಬಿ ಬಿಟ್ಟು ಗೇಣು ಆಚೀಚೆ ಕದಲದವಳು ನಾನು.
ಸಮುದ್ರದ ಕಡೆಗೊಂದು ಕಿಟಕಿ ಇರಲಿ ಅಂದೆ, ಅಷ್ಟೆ.
"ಕಿಟಕಿಗೆ ಬೇರೆ ದುಡ್ಡು" ಅಂದ.

ದಿಬ್ಬದ ಮೇಲಿನ ಬಿಳಿ ಹೋಟೆಲು ನಮ್ಮನ್ನು ನೋಡಲಿಲ್ಲ.
ನಾವೂ ಅದನ್ನು ನೋಡಲಿಲ್ಲ.

ಶ್ಯೋರ ಪೆರಿನ ಎಲ್ಲರಿಗಿಂತ ಹಿಂದೆ.
ಅವಳದು ಬಿಸ್ಕತ್ತಿನ ಡಬ್ಬದ ರಟ್ಟು,
ಅಕ್ಷರ ತಲೆಕೆಳಗು. ನಾನು ಕತ್ತು ವಾಲಿಸಿ ಓದಿದೆ.
"ಮೂವತ್ತು ಯೂರೊ."
"ಇಪ್ಪತ್ತೈದು" ಅಂದ ಕ್ರೆಶೊ.
"ಮೂವತ್ತು. ಅಂಜೂರ ಎಷ್ಟು ಬೇಕಾದರೂ ತಿನ್ನಿ."

ತೊಂಬತ್ತೊಂದು ಮೆಟ್ಟಿಲು. ಎಣಿಸಿದವಳು ನಾನಲ್ಲ,
ಅವಳೇ, ಬಾಯಿಬಿಟ್ಟು, ಮುಂದೆ ಮುಂದೆ ನಡೆಯುತ್ತ.
"ಲೆಕ್ಕ ತಪ್ಪಿದರೆ ಪಕ್ಕದವರ ಮನೆಗೆ ನುಗ್ತೀನಿ" ಅಂತ ನಕ್ಕಳು.
ತಮಾಷೆ ಅಂದುಕೊಂಡು ನಾವೂ ನಕ್ಕೆವು.

ಸುಣ್ಣ ಬಳಿದ ಗೋಡೆ. ನೀಲಿ ಕುರ್ಚಿಗೆ ಮೂರು ಕಾಲು,
ನಾಲ್ಕನೆಯದು ಇಟ್ಟಿಗೆ.
ಕಪಾಟು ತೆರೆದರೆ ಒಣಗಿದ ಲ್ಯಾವೆಂಡರಿನ ಘಮ
ಯಾರದೋ ನೆಂಟರ ಹಾಗೆ ಎದ್ದು ಬಂತು.
ಎರಡು ಸೂರುಗಳ ನಡುವೆ, ಕಿಟಕಿಯಲ್ಲಿ,
ಒಂದು ಗೇಣು ಸಮುದ್ರ.
ಅದಕ್ಕೆ ಅವಳು ದುಡ್ಡು ಕೇಳಿರಲಿಲ್ಲ.
ಹಾಸಿಗೆಯ ನಡುವೆ ಹಳ್ಳ.
ಮೂರು ವರ್ಷದಿಂದ ಅಂಚಿಗೊಬ್ಬರಂತೆ ಮಲಗುತ್ತಿದ್ದ ನಾವು
ದೀಪ ಆರಿಸಿದ್ದೇ ಉರುಳಿ ಡಿಕ್ಕಿ ಹೊಡೆದೆವು.
"ಕ್ಷಮಿಸಿ" ಅಂದ, ಬಸ್ಸಿನಲ್ಲಿ ಅನ್ನುವ ಹಾಗೆ.
ಆಮೇಲೆ ಇಬ್ಬರೂ ಸರಿಯಲಿಲ್ಲ.

ನಡುರಾತ್ರಿ ಗಡಿಯಾರಕ್ಕೆಂದು ಮೇಜಿನ ಡ್ರಾಯರು ಎಳೆದೆ.
ಕಣ್ಣಿಗೆ ಬಿಡುವ ಔಷಧಿಯ ಸೀಸೆ, ಅರ್ಧ ಖಾಲಿ.
ದಾರ ಸುತ್ತಿದ ಕನ್ನಡಕ.
ಒಂದು ಪಿನ್ನು, ಅದರಲ್ಲಿ ಬಿಳಿ ಕೂದಲು.

ನೀರಿಗೆಂದು ಅಡುಗೆಮನೆಗೆ ಹೋದರೆ
ಎರಡು ಬೆಂಚು ಜೋಡಿಸಿ, ಮಡಿಸಿದ ಕೋಟು ತಲೆಗಿಟ್ಟು
ಮೊಣಕಾಲು ಹೊಟ್ಟೆಗೆಳೆದು ಮಲಗಿದ್ದಾಳೆ ಶ್ಯೋರ ಪೆರಿನ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಚಾಚಿದ್ದೆವು ನಾವು, ಅವಳ ಹಾಸಿಗೆಯಲ್ಲಿ.
"ಲೋಟ ಎಡಕ್ಕಿದೆ" ಅಂದಳು ಕಣ್ಣು ತೆರೆಯದೆ.
ನಿಂತೇ ಇದ್ದೆ.
"ಸೆಪ್ಟೆಂಬರ್ ಮುಗಿದ ಮೇಲೆ ಅದು ನನಗೇ ಸಿಗುತ್ತೆ.
ನೀನು ಹೋಗಿ ಮಲಗು, ಹುಡುಗಿ."
ನನಗೆ ನಲವತ್ತೇಳು.

ಬೆಳಿಗ್ಗೆ ಅಂಜೂರ ತಿಂದೆವು. ಆ ಮಾತು ಯಾರೂ ಎತ್ತಲಿಲ್ಲ.
ಹೊರಡುವಾಗ ಕ್ರೆಶೊ ಲಕೋಟೆಯನ್ನೇ
ಮೇಜಿನ ಮೇಲೆ ಬಿಟ್ಟ, ತೂತಿನ ಸಮೇತ.
ಹಡಗಿನಲ್ಲಿ ಬ್ರೆಡ್ಡು ಒಂದೇ, ಇಬ್ಬರಿಗೂ.

ನವೆಂಬರಿನಲ್ಲಿ ಫೋನು.
"ಕಣ್ಣಿನ ಪೊರೆ ತೆಗೆಸಬೇಕಂತೆ, ನಿಮ್ಮೂರಿನ ಆಸ್ಪತ್ರೆಯಲ್ಲಿ.
ಎರಡು ರಾತ್ರಿಗೆ ಎಲ್ಲಾದರೂ ಕೋಣೆ ಇದೆಯಾ?
ದುಬಾರಿ ಇರಬಾರದು."

ಬಸ್ ನಿಲ್ದಾಣದಲ್ಲಿ ಮಂಜು. ಕ್ರೆಶೊ ಮಿಕ್ಸಿಯ ಡಬ್ಬ ಹರಿದು
ಅಂಗೈಯಗಲದ ಅಕ್ಷರದಲ್ಲಿ ಬರೆದು ತಂದಿದ್ದ,
ಓದಲಾರಳು ಅಂತ ಗೊತ್ತಿದ್ದೂ.
ಅವಳಿಳಿದಳು, ಒಂದು ಕೈಯಲ್ಲಿ ಆಲಿವ್ ಎಣ್ಣೆಯ ಬಾಟಲಿ,
ಇನ್ನೊಂದು ಕೈ ಗಾಳಿಯಲ್ಲಿ ನಮ್ಮನ್ನು ಹುಡುಕುತ್ತ.
ರಟ್ಟಿನ ಅಂಚು ಸಿಕ್ಕಿತು. ತಡವಿ ನೋಡಿದಳು.

"ಕಿಟಕಿ ಯಾವ ಕಡೆಗೆ?"
"ಟ್ರಾಮಿನ ಕಡೆಗೆ" ಅಂದೆ.
"ಹಾಗಾದರೆ ಇಪ್ಪತ್ತೈದು."
"ಮೂವತ್ತು" ಅಂದ ಕ್ರೆಶೊ,
ಅವಳ ಚೀಲ ಹೆಗಲಿಗೇರಿಸುತ್ತ.
ಮನೆಯಲ್ಲಿ ಬೆಂಚು ಜೋಡಿಸಿಟ್ಟೇ ಬಂದಿದ್ದೆವು.